ಮುಖದ ಸುಕ್ಕಿಗೆ ಚಿಕಿತ್ಸೆ: ಆರೈಕೆ ಎಲ್ಲಿಯವರೆಗೆ, ಅತಿರೇಕ ಎಲ್ಲಿಂದ?

 



ನಮ್ಮ ಶರೀರವು ಅಲ್ಲಾಹನು ಕೊಟ್ಟ ಅಮಾನತ್ ಎಂಬ ವಿಷಯವನ್ನು ನಾವು ಜುಮುಅ ಖುತ್ಬಾದಲ್ಲಿ ಪ್ರಸ್ತಾಪಿಸಿದ ಬಳಿಕ ಕೆಲವು ಪ್ರಶ್ನೆಗಳು ಬಂದವು. ಹೆಚ್ಚಿನವು ಸಹೋದರಿಯರದು. ಮನೆಯ ಗಂಡಸರ ಮೂಲಕ ಕೇಳಿಸಿದವರಿದ್ದಾರೆ, ಚೀಟಿ ಬರೆದು ಕಳುಹಿಸಿದವರೂ ಇದ್ದಾರೆ. ಮುಖದ ಸುಕ್ಕಿಗೆ ಇಂಜೆಕ್ಷನ್ ತೆಗೆದುಕೊಳ್ಳಬಹುದೇ? ಜೋತುಬಿದ್ದ ಕೆನ್ನೆಯನ್ನು ಲೇಸರ್‌ನಿಂದ ಬಿಗಿಮಾಡುತ್ತಾರಂತೆ, ನಿಜವೇ? ಕಂತಿನಲ್ಲಿ ಹಣ ಕಟ್ಟಿದರೂ ಆಗುತ್ತದೆ ಎನ್ನುತ್ತಾರೆ, ಅದು ಸರಿಯೇ? ಖುತ್ಬಾದ ಸಮಯದಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಈ ಪ್ರಶ್ನೆಗಳನ್ನು ಯಾರೂ ನಗೆಯಾಡಬಾರದು. ಜಮಖಂಡಿ, ಮುಧೋಳ, ಬನಹಟ್ಟಿಯ ಹೆಣ್ಣುಮಗಳು ಇಂದು ಮೊಬೈಲಿನಲ್ಲಿ ದಿನಕ್ಕೆ ನೂರು ಮುಖ ನೋಡುತ್ತಾಳೆ. ಅವುಗಳಲ್ಲಿ ಬಹಳಷ್ಟು ತಿದ್ದಿದ ಮುಖಗಳು. ಅತ್ತ ಮನೆಯಲ್ಲಿ ಯಾರೋ ಒಬ್ಬರು ‘ಮುದುಕಿ ಆದಿ’ ಎಂದು ಅಂದಿರುತ್ತಾರೆ. ಅಂಥ ಹೊತ್ತಿನಲ್ಲಿ ಬರುವ ಜಾಹೀರಾತು ಅವಳ ಜೇಬಿಗೂ ಚರ್ಮಕ್ಕೂ ಒಟ್ಟಿಗೆ ಕೈ ಹಾಕುತ್ತದೆ.

ನಾವು ವೈದ್ಯರಲ್ಲ. ವೈದ್ಯಶಾಸ್ತ್ರ ಹೇಳುವುದನ್ನು ಮೊದಲು ಸರಳವಾಗಿ ಇಟ್ಟು, ಆಮೇಲೆ ದೀನ್ ಏನು ಹೇಳುತ್ತದೆ ಎಂಬುದಕ್ಕೆ ಬರುತ್ತೇವೆ. ಏಕೆಂದರೆ ವಿಷಯ ತಿಳಿಯದೆ ಹಲಾಲ್–ಹರಾಮ್ ಹೇಳುವುದು ಸರಿಯಲ್ಲ.

ಸುಕ್ಕು ಏಕೆ ಬೀಳುತ್ತದೆ?

ಚರ್ಮವನ್ನು ಬಿಗಿಯಾಗಿ ಹಿಡಿದಿಡುವುದು ಕೊಲಾಜೆನ್ ಎಂಬ ನಾರು. ಪ್ರಾಯ ಕಳೆದಂತೆ ಅದು ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಮಹಿಳೆಯರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಈ ಇಳಿಕೆ ಇನ್ನೂ ವೇಗವಾಗಿರುತ್ತದೆ. ಕೆನ್ನೆಯ ಒಳಗಿನ ಕೊಬ್ಬು ಕರಗುತ್ತದೆ, ಎಲುಬು ಕೂಡ ಸವೆಯುತ್ತದೆ. ಇದು ರೋಗವಲ್ಲ, ವಯಸ್ಸು.

ಇದಕ್ಕೆ ಬಿಸಿಲು ಸೇರಿದರೆ ಸುಕ್ಕು ಬೇಗ ಬರುತ್ತದೆ. ಕಬ್ಬಿನ ಗದ್ದೆಯಲ್ಲಿ ದಿನವಿಡೀ ದುಡಿಯುವವರ ಮುಖವನ್ನೂ ಮಗ್ಗದ ಮನೆಯೊಳಗೆ ಕುಳಿತು ನೇಯುವವರ ಮುಖವನ್ನೂ ಹೋಲಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಬೀಡಿ, ಸಿಗರೇಟು ಚರ್ಮದ ರಕ್ತಸಂಚಾರವನ್ನು ಕೆಡಿಸಿ ಅದೇ ಕೆಲಸ ಮಾಡುತ್ತವೆ.

ಒಂದು ಮಾತು ನೆನಪಿಡಬೇಕು. ಎಲ್ಲ ಸುಕ್ಕೂ ಒಂದೇ ಅಲ್ಲ. ನಕ್ಕಾಗ, ಹುಬ್ಬು ಗಂಟಿಕ್ಕಿದಾಗ ಮಾತ್ರ ಕಾಣುವ ಗೆರೆ ಬೇರೆ. ಸುಮ್ಮನಿದ್ದಾಗಲೂ ಇರುವ ಗೆರೆ ಬೇರೆ. ಕೆನ್ನೆ ಬತ್ತಿ ಆಗುವ ಕುಳಿ ಬೇರೆ. ಚರ್ಮ ಜೋತು ಬೀಳುವುದು ಬೇರೆ. ಒಂದಕ್ಕೆ ಆಗುವ ಚಿಕಿತ್ಸೆ ಇನ್ನೊಂದಕ್ಕೆ ಆಗುವುದಿಲ್ಲ. ಇದನ್ನು ತಿಳಿಯದೆ ಹೋದವರೇ ಹೆಚ್ಚಾಗಿ ಹಣ ಕಳೆದುಕೊಳ್ಳುತ್ತಾರೆ.

ಯಾವ ಚಿಕಿತ್ಸೆ ಏನು ಮಾಡುತ್ತದೆ?

ಬಿಸಿಲಿನಿಂದ ರಕ್ಷಣೆ ಮತ್ತು ಮುಲಾಮು: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುರಕ್ಷಿತ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚುವುದು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು, ತಲೆಯ ಮೇಲೆ ಸೆರಗು ಅಥವಾ ಟವೆಲ್ ಹೊದೆಯುವುದು. ಆಸ್ಟ್ರೇಲಿಯಾದಲ್ಲಿ ನಾಲ್ಕೂವರೆ ವರ್ಷ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಬೇಕೆನಿಸಿದಾಗ ಮಾತ್ರ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಮುಪ್ಪಾಗಿತ್ತು. ಇದರೊಂದಿಗೆ ಟ್ರೆಟಿನಾಯಿನ್ ಎಂಬ ವಿಟಮಿನ್ ‘ಎ’ ಜಾತಿಯ ಮುಲಾಮನ್ನು ವೈದ್ಯರು ರಾತ್ರಿ ಹಚ್ಚಲು ಕೊಡುತ್ತಾರೆ. ಫಲ ಕಾಣಲು ತಿಂಗಳುಗಳು ಬೇಕು, ಮೊದಲು ಚರ್ಮ ಒಣಗಿ ಉರಿಯಬಹುದು. ಗರ್ಭಿಣಿಯರು ಇದನ್ನು ಬಳಸಬಾರದು.

ಪೀಲ್, ಲೇಸರ್, ಸಣ್ಣ ಸೂಜಿಗಳ ಚಿಕಿತ್ಸೆ: ಇವು ಮೇಲ್ಪದರವನ್ನು ಕೆರಳಿಸಿ ಹೊಸ ಚರ್ಮ ಬರುವಂತೆ ಮಾಡುತ್ತವೆ. ನವಿರಾದ ಗೆರೆ, ಕಲೆಗಳಿಗೆ ಸ್ವಲ್ಪ ಉಪಯೋಗ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ನಮ್ಮಂಥ ಕಂದು ಚರ್ಮದವರಿಗೆ ಇದರಲ್ಲಿ ಒಂದು ಅಪಾಯವಿದೆ. ಶಾಖ ಅಥವಾ ಆಸಿಡ್ ಹೆಚ್ಚಾದರೆ ಆ ಜಾಗ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಸುಕ್ಕು ತೆಗೆಸಲು ಹೋಗಿ ಕಲೆ ತಂದಂತಾಗುತ್ತದೆ.

ಬೊಟಾಕ್ಸ್ ಇಂಜೆಕ್ಷನ್: ಇದು ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಿಸುತ್ತದೆ. ಹುಬ್ಬಿನ ನಡುವೆ, ಹಣೆಯ ಮೇಲೆ, ಕಣ್ಣಿನ ಅಂಚಿನಲ್ಲಿ ಚಲನೆಯಿಂದ ಬೀಳುವ ಗೆರೆಗೆ ಮಾತ್ರ. ಮೂರು–ನಾಲ್ಕು ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ, ಮತ್ತೆ ತೆಗೆದುಕೊಳ್ಳಬೇಕು. ತಪ್ಪು ಜಾಗಕ್ಕೆ ಹರಡಿದರೆ ಕಣ್ಣುರೆಪ್ಪೆ ಕೆಲವು ವಾರ ಇಳಿಬೀಳಬಹುದು. ಜೋತುಬಿದ್ದ ಕೆನ್ನೆಯನ್ನು ಇದು ಎತ್ತುವುದಿಲ್ಲ. ಎತ್ತುತ್ತದೆ ಎಂದು ಹೇಳುವವರನ್ನು ನಂಬಬೇಡಿ.

ಫಿಲ್ಲರ್: ಬತ್ತಿದ ಕೆನ್ನೆ, ಮೂಗಿನ ಪಕ್ಕದ ಆಳವಾದ ಗೆರೆಗಳೊಳಗೆ ಜೆಲ್ಲಿಯಂಥ ವಸ್ತು ತುಂಬುವುದು. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷ ನಿಲ್ಲುತ್ತದೆ. ಅಪರೂಪವಾದರೂ ಭಯಂಕರವಾದ ಅಪಾಯ ಇದರಲ್ಲಿದೆ. ಜೆಲ್ಲಿ ರಕ್ತನಾಳದೊಳಗೆ ಹೋದರೆ ಚರ್ಮ ಕೊಳೆಯಬಹುದು, ಕಣ್ಣಿನ ದೃಷ್ಟಿಯೇ ಹೋಗಬಹುದು. ಆ ಕ್ಷಣದಲ್ಲಿ ಅದನ್ನು ಕರಗಿಸುವ ಔಷಧ ಕೈಯಲ್ಲಿರುವ ತರಬೇತಾದ ವೈದ್ಯರೇ ಬೇಕು. ಬ್ಯೂಟಿ ಪಾರ್ಲರ್‌ನಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳಲೇಬಾರದು ಎಂದು ನಾವು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಶಾಖದ ಯಂತ್ರಗಳು ಮತ್ತು ದಾರ: ಅಲ್ಟ್ರಾಸೌಂಡ್, ರೇಡಿಯೋ ತರಂಗಗಳಿಂದ ಒಳಪದರಕ್ಕೆ ಶಾಖ ಕೊಟ್ಟು ಬಿಗಿಗೊಳಿಸುವುದು, ಅಥವಾ ಚರ್ಮದಡಿ ದಾರ ಹಾಕಿ ಎಳೆಯುವುದು. ಸ್ವಲ್ಪ ಮಾತ್ರ ಜೋತುಬಿದ್ದವರಿಗೆ ಸ್ವಲ್ಪ ಮಾತ್ರ ಫಲ. ಹೆಚ್ಚು ಕಾಲ ನಿಲ್ಲುವುದಿಲ್ಲ.

ಫೇಸ್‌ಲಿಫ್ಟ್ ಶಸ್ತ್ರಚಿಕಿತ್ಸೆ: ಬಹಳ ಜೋತುಬಿದ್ದ ಚರ್ಮವನ್ನು ನಿಜವಾಗಿ ಎತ್ತುವುದು ಇದೊಂದೇ. ಕಿವಿಯ ಸುತ್ತ ಕೊಯ್ದು, ಒಳಪದರವನ್ನು ಬಿಗಿದು, ಹೆಚ್ಚಿನ ಚರ್ಮ ಕತ್ತರಿಸಿ ಹೊಲಿಯುತ್ತಾರೆ. ಬಾವು ಇಳಿಯಲು ಎರಡು ವಾರವಾದರೂ ಬೇಕು. ರಕ್ತ ಹೆಪ್ಪುಗಟ್ಟುವುದು, ಮುಖದ ನರಕ್ಕೆ ಪೆಟ್ಟಾಗುವುದು, ಕಲೆ ಉಳಿಯುವುದು ಇದರ ಅಪಾಯಗಳು. ಧೂಮಪಾನಿಗಳಿಗೂ ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೂ ಅಪಾಯ ಇನ್ನೂ ಹೆಚ್ಚು. ಇಷ್ಟೆಲ್ಲ ಆದ ಮೇಲೂ ವಯಸ್ಸು ನಿಲ್ಲುವುದಿಲ್ಲ, ಚರ್ಮ ಮತ್ತೆ ಸಡಿಲಾಗುತ್ತದೆ.

ದೀನ್ ಎಲ್ಲಿ ಗೆರೆ ಎಳೆಯುತ್ತದೆ?

ಅಂದವಾಗಿರುವುದು ಪಾಪವಲ್ಲ. ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವನು ಎಂಬ ಅರ್ಥದ ಪ್ರವಾದಿ ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ(ರ) ಎಂಬ ಸಹಾಬಿ ಬೆಳ್ಳಿಯ ಮೂಗು ಮಾಡಿಸಿಕೊಂಡರು. ಅದು ವಾಸನೆ ಬಂದಾಗ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ(ಸ) ಹೇಳಿದರು. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಮುಖದ ನ್ಯೂನತೆಯನ್ನು ಸರಿಪಡಿಸಲು ಅನುಮತಿ ಸಿಕ್ಕಿತು. ಇನ್ನೊಂದೆಡೆ, ಕೇವಲ ಅಂದಕ್ಕಾಗಿ ಹಚ್ಚೆ ಹಾಕಿಸುವುದು, ಹಲ್ಲು ಅರೆಯಿಸಿ ಸಂದು ಮಾಡಿಸುವುದು ಮುಂತಾದವನ್ನು ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದೆಂದು ಹದೀಸ್‌ನಲ್ಲಿ ಕಠಿಣವಾಗಿ ಖಂಡಿಸಲಾಗಿದೆ. ಹಾಗೆಯೇ, ರೋಗಗಳಿಗೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಹೇಳಿದ ಪ್ರವಾದಿ(ಸ) ಮುಪ್ಪೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅಲ್ಲಾಹನು ಔಷಧ ಇಟ್ಟಿದ್ದಾನೆ ಎಂದೂ ತಿಳಿಸಿದರು. ಇವನ್ನು ಒಟ್ಟಿಗೆ ಓದಿದರೆ ದಾರಿ ಸ್ಪಷ್ಟವಾಗುತ್ತದೆ.

ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದಾಗ ಈ ವಿಷಯವನ್ನು ಚರ್ಚಿಸಿತು. ಹುಟ್ಟಿನ ನ್ಯೂನತೆ, ಸುಟ್ಟಗಾಯ, ಅಪಘಾತ, ರೋಗದಿಂದ ಕೆಟ್ಟ ರೂಪವನ್ನು ಸರಿಪಡಿಸುವುದು ಸಮ್ಮತ. ಸುಕ್ಕನ್ನು ಶಸ್ತ್ರಚಿಕಿತ್ಸೆ ಅಥವಾ ಇಂಜೆಕ್ಷನ್‌ನಿಂದ ತೆಗೆಸುವುದು, ಅದು ರೋಗಸ್ಥಿತಿಯಾಗಿದ್ದು ಹಾನಿಯ ಭಯ ಇಲ್ಲದಿದ್ದರೆ ಮಾತ್ರ ಸಮ್ಮತ, ಇಲ್ಲವಾದರೆ ಇಲ್ಲ ಎಂದು ಅದು ತೀರ್ಮಾನಿಸಿತು. ಬೊಟಾಕ್ಸ್ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನೂ ಮುಚ್ಚಿಡಬಾರದು. ಮಲೇಷ್ಯಾದ ಫತ್ವಾ ಮಂಡಳಿ 2006ರಲ್ಲಿ ಅಂದಕ್ಕಾಗಿ ಅದನ್ನು ಬಳಸುವುದು ಹರಾಮ್ ಎಂದಿತು. ಇಂಡೋನೇಷ್ಯಾದ ಉಲಮಾ ಮಂಡಳಿ 2020ರಲ್ಲಿ ವಸ್ತು ಹಲಾಲ್ ಆಗಿರಬೇಕು, ಹಾನಿ ಇರಬಾರದು ಎಂಬಂಥ ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು.

ನಮ್ಮ ದೇಶದ ತೆರಿಗೆ ಕಾನೂನು ಕೂಡ ಇಂಥದೇ ಗೆರೆ ಎಳೆದಿರುವುದು ಗಮನಿಸಬೇಕಾದ ಸಂಗತಿ. ಆಸ್ಪತ್ರೆಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಆದರೆ ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ತೆರಿಗೆ ಇದೆ. ಹುಟ್ಟಿನ ನ್ಯೂನತೆ, ಗಾಯ, ಅಪಘಾತದಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ಮತ್ತೆ ವಿನಾಯಿತಿ ಸಿಗುತ್ತದೆ.

ಆದ್ದರಿಂದ ನಾವು ಹೀಗೆ ವಿಂಗಡಿಸಿ ಹೇಳುತ್ತೇವೆ.

ಒಂದು, ಆರೈಕೆ. ಬಿಸಿಲಿನಿಂದ ರಕ್ಷಣೆ, ಎಣ್ಣೆ, ಮುಲಾಮು, ಒಳ್ಳೆಯ ಊಟ, ನಿದ್ರೆ. ಇದರಲ್ಲಿ ಅಡ್ಡಿಯಿಲ್ಲ, ಇದು ಅಮಾನತ್‌ನ ಪಾಲನೆ.

ಎರಡು, ದುರಸ್ತಿ. 1999ರಲ್ಲಿ ಬೆಂಗಳೂರಿನಲ್ಲಿ ಆಸಿಡ್ ದಾಳಿಗೆ ಒಳಗಾದ ಹಸೀನಾ ಹುಸೇನ್ ಅವರು ಅನೇಕ ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಳ್ಳಬೇಕಾಯಿತು. ಅದನ್ನು ಸೌಂದರ್ಯದ ಹುಚ್ಚು ಎಂದು ಯಾರು ಹೇಳಬಲ್ಲರು? ಸ್ಟವ್ ಸಿಡಿದು ಸುಟ್ಟ ಮುಖ, ಲಕ್ವ ಹೊಡೆದು ಒಂದು ಕಡೆ ಜೋತ ಮುಖ, ದೃಷ್ಟಿಗೇ ಅಡ್ಡ ಬರುವಷ್ಟು ಇಳಿದ ರೆಪ್ಪೆ, ತನ್ನಷ್ಟಕ್ಕೆ ಬಿಗಿದು ಮುಚ್ಚಿಕೊಳ್ಳುವ ಕಣ್ಣು, ಇವೆಲ್ಲ ಚಿಕಿತ್ಸೆಯ ವಿಷಯ. ಕೊನೆಯದಕ್ಕೆ ಬೊಟಾಕ್ಸ್ ಔಷಧವಾಗಿಯೇ ಬಳಕೆಯಲ್ಲಿದೆ. ಸಂಕೋಚ ಬೇಡ, ಮಾಡಿಸಿಕೊಳ್ಳಿ. ಕೈಲಾಗದವರಿಗೆ ಜಮಾಅತ್ ನೆರವಾಗಬೇಕು.

ಮೂರು, ವಯಸ್ಸನ್ನು ಮರೆಮಾಡಲು ಇಂಜೆಕ್ಷನ್, ಶಸ್ತ್ರಚಿಕಿತ್ಸೆ. ಇದರಿಂದ ದೂರವಿರಿ ಎಂಬುದೇ ನಮ್ಮ ಸಲಹೆ. ನಿಕಾಹ್‌ನ ಮಾತುಕತೆಯಲ್ಲಿ ಪ್ರಾಯ ಮುಚ್ಚಿಡಲು ಮಾಡಿಸಿದರೆ ಅದು ಮೋಸ. ಬಡ್ಡಿಯ ಕಂತಿನಲ್ಲಿ ಮಾಡಿಸಿದರೆ ಅದು ಇನ್ನೊಂದು ಪಾಪ. ಮನೆಯ ಸಾಲ, ಮಕ್ಕಳ ಫೀಸು, ಝಕಾತ್ ಬಾಕಿ ಇಟ್ಟುಕೊಂಡು ಮೂರು ತಿಂಗಳಲ್ಲಿ ಕರಗುವ ಇಂಜೆಕ್ಷನ್‌ಗೆ ಬಂಗಾರ ಒತ್ತೆ ಇಡುವುದು ಬುದ್ಧಿವಂತಿಕೆಯಲ್ಲ.

ಚಿಕಿತ್ಸೆ ಬೇಕಾದವರು ನೋಡಿಕೊಳ್ಳಬೇಕಾದದ್ದು

2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ತೀರಿಕೊಂಡರು. ವಯಸ್ಸು ಕೇವಲ 21. ತಂದೆತಾಯಿಗೆ ತಿಳಿಸದೆ ಹೋಗಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆ ಕುಟುಂಬದ ದುಃಖದಿಂದ ನಾವೂ ಕಲಿಯಬೇಕು. ಮನೆಯವರಿಗೆ ಹೇಳದೆ ಯಾವ ಆಪರೇಷನ್‌ಗೂ ಹೋಗಬಾರದು. ಹೇಳಲು ಹೆದರುವಂಥ ವಾತಾವರಣವನ್ನು ಮನೆಯವರೂ ಇಡಬಾರದು.

ಮೊದಲು ಚರ್ಮರೋಗ ತಜ್ಞರನ್ನು ಕಾಣಿರಿ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆ ನಮಗೆ ದೂರವೇನಲ್ಲ. ಕ್ಲಿನಿಕ್‌ನಲ್ಲಿ ಕೆಪಿಎಂಇ ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ. ಇಂಜೆಕ್ಷನ್ ಹಾಕುವವರು ಯಾರು, ಅವರ ಪದವಿ ಏನು, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇದೆಯೇ ಎಂದು ಕೇಳಿ. ಕೇಳುವುದು ಅವಿನಯವಲ್ಲ. ಔಷಧದ ಹೆಸರು, ಅದು ಯಾವುದರಿಂದ ತಯಾರಾದದ್ದು ಎಂದೂ ಕೇಳಿ. ಏಕೆಂದರೆ ಕೆಲವು ಕೊಲಾಜೆನ್ ವಸ್ತುಗಳು ಹಂದಿಯಿಂದ ಬರುತ್ತವೆ. ಬೊಟಾಕ್ಸ್‌ನಲ್ಲಿ ಮಾನವ ರಕ್ತದಿಂದ ತೆಗೆದ ಆಲ್ಬುಮಿನ್ ಇರುತ್ತದೆ.

ನಮಾಝಿಗಳಿಗೆ ಒಂದು ವಿಷಯ. ಮುಖಕ್ಕೆ ಬೊಟಾಕ್ಸ್ ಕೊಟ್ಟ ಬಳಿಕ ಸುಮಾರು ನಾಲ್ಕು ಗಂಟೆ ಬಾಗಬೇಡಿ, ಮಲಗಬೇಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ರೋಗಕ್ಕಾಗಿ ತೆಗೆದುಕೊಳ್ಳುವವರು ಬೆಳಗಿನ ಸಮಯ ಕೇಳಿ ಪಡೆದರೆ ಝುಹರ್‌ನ ಸಜ್ದಾಕ್ಕೆ ತೊಂದರೆಯಾಗುವುದಿಲ್ಲ. ಗಾಯಕ್ಕೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದ್ದರೆ ವುಝೂವಿನಲ್ಲಿ ರಿಯಾಯಿತಿ ಇದೆ, ಕೇಳಿ ತಿಳಿಯಿರಿ. ನಮಾಝ್ ಬಿಡಬೇಡಿ.

ಇನ್ನು ಅಂಗಡಿಯ ಕ್ರೀಮುಗಳು. ಸ್ಟೀರಾಯ್ಡ್ ಇರುವ ಮುಲಾಮನ್ನು ಚೀಟಿಯಿಲ್ಲದೆ ಕೊಂಡು ಮುಖಕ್ಕೆ ಹಚ್ಚುವುದು ನಮ್ಮಲ್ಲಿ ಬಹಳ. ಮೊದಲು ಹೊಳಪು ಬರುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ, ಪಾದರಸವಿದ್ದ ಬಿಳುಪಿನ ಕ್ರೀಮ್ ಬಳಸಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ವೈದ್ಯರು 2023ರಲ್ಲಿ ಪತ್ತೆ ಮಾಡಿದರು. ತಯಾರಕರ ಹೆಸರು, ವಿಳಾಸ ಇಲ್ಲದ ಡಬ್ಬಿ ಎಷ್ಟೇ ಹೊಗಳಿಕೆ ಪಡೆದಿರಲಿ, ಮನೆಯೊಳಗೆ ತರಬೇಡಿ.

ಗಂಡಸರಿಗೆ ಒಂದು ಮಾತು

ಸಹೋದರರೇ, ನಮಗೆ ಬಂದ ಪ್ರಶ್ನೆಗಳ ಹಿಂದೆ ಬಹುತೇಕ ಒಂದು ಚುಚ್ಚುಮಾತು ಇತ್ತು. ಮಕ್ಕಳನ್ನು ಹೆತ್ತು, ಒಲೆಯ ಮುಂದೆ ಬೆಂದು, ನಿಮ್ಮ ಸಂಸಾರ ಹೊತ್ತ ಮುಖದ ಮೇಲೆ ಗೆರೆ ಬೀಳದೆ ಇನ್ನೇನು ಬೀಳಬೇಕು? ಅಲ್ಲಾಹನು ನಿಮ್ಮ ರೂಪವನ್ನಾಗಲಿ ಸಂಪತ್ತನ್ನಾಗಲಿ ನೋಡುವುದಿಲ್ಲ, ಹೃದಯ ಮತ್ತು ಕರ್ಮಗಳನ್ನು ನೋಡುತ್ತಾನೆ ಎಂಬುದು ಪ್ರವಾದಿ(ಸ) ಕಲಿಸಿದ ಪಾಠ. ತಲೆ ನೆರೆತ ಮುಸ್ಲಿಮನನ್ನು ಗೌರವಿಸುವುದು ಅಲ್ಲಾಹನನ್ನು ಗೌರವಿಸುವುದರಲ್ಲಿ ಸೇರಿದೆ ಎಂದೂ ಅವರು ತಿಳಿಸಿದ್ದಾರೆ.

ನಮ್ಮ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ರೈತರೇ ಸೇರಿ ಶ್ರಮದಾನದಿಂದ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಅಂದು ಬಿಸಿಲಲ್ಲಿ ದುಡಿದವರ ಮುಖದಲ್ಲಿ ಇಂದು ಸುಕ್ಕಿದೆ, ಆ ನೀರಿನಲ್ಲಿ ನಮ್ಮ ಕಬ್ಬು ಬೆಳೆಯುತ್ತಿದೆ. ಅಂಥ ಮುಖಗಳನ್ನು ನೋಡಿ ಯಾರೂ ಅಸಹ್ಯಪಡುವುದಿಲ್ಲ. ಮನೆಯ ಹೆಣ್ಣುಮಕ್ಕಳ ಮುಖಕ್ಕೂ ಅದೇ ನ್ಯಾಯ ಸಲ್ಲಬೇಕು.

ಅಲ್ಲಾಹನು ರೋಗಿಗಳಿಗೆ ಶಿಫಾ ಕೊಡಲಿ, ನಮ್ಮ ಹೊರರೂಪವನ್ನು ಚೆನ್ನಾಗಿಸಿದಂತೆ ನಮ್ಮ ನಡತೆಯನ್ನೂ ಚೆನ್ನಾಗಿಸಲಿ. ಆಮೀನ್.