ವಿದ್ಯುತ್ತಿನ ಹದ

ಕೊಳ್ಳೇಗಾಲದ ನೆರೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತೆಂಬುದು ನಮಗೆಲ್ಲ ತಿಳಿದ ಸಂಗತಿ. ಆ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದೆಂಬುದು ಅಷ್ಟಾಗಿ ತಿಳಿಯದು. ಇಂದು ಮನೆಗಳಿಗೆ ಬರುವುದು 50ರದು. ಗಣಿಯ ಮೋಟಾರಿಗೆ 25 ಸಾಕು, ದೀಪಕ್ಕೆ ಸಾಲದು. ಅದರ ಮಿಣುಕು ಕಣ್ಣಿಗೆ ತಿಳಿಯುತ್ತದೆ. ವಿದ್ಯುತ್ತು ಉಂಟೇ ಎಂಬ ಪ್ರಶ್ನೆಯ ಬೆನ್ನಿಗೇ ಅದರ ಹದವೆಂಥದು ಎಂಬ ಪ್ರಶ್ನೆಯೂ ಬರುತ್ತದೆ.

ಹನೂರು ಸೀಮೆಯ ಮಲೆ ಮಹದೇಶ್ವರ ಬೆಟ್ಟಗಳಲ್ಲಿ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಈ ಎರಡನೆಯ ಪ್ರಶ್ನೆಯನ್ನು ಮರೆಯುವಂತಿಲ್ಲ. ಆನೆ ನಡೆದಾಡುವ ಕಾಡಿನೊಳಗೆ ಕಂಬ ನೆಟ್ಟು ತಂತಿ ಎಳೆಯುವುದು ಸುಲಭವಲ್ಲ. ಸೌರಫಲಕ, ಬ್ಯಾಟರಿ, ಇನ್ವರ್ಟರುಗಳಿಂದ ಊರಿಗೊಂದು ಕಿರುಜಾಲ ಕಟ್ಟುವುದು ಸಹಜವಾದ ಯೋಚನೆ.

ಫಲಕವೂ ಬ್ಯಾಟರಿಯೂ ಕೊಡುವುದು ನೇರ ಪ್ರವಾಹ. ಅದನ್ನು ಪರ್ಯಾಯ ಪ್ರವಾಹವಾಗಿಸುವುದು ಇನ್ವರ್ಟರ್. ಅಗ್ಗದ್ದಾದರೆ ಪ್ರವಾಹವನ್ನು ಥಟ್ಟನೆ ಅತ್ತ, ಥಟ್ಟನೆ ಇತ್ತ ತಿರುಗಿಸಿ ಕೈತೊಳೆದುಕೊಳ್ಳುತ್ತದೆ. ಈ ಚೌಕಾಕಾರದ ಅಲೆಯಲ್ಲಿ ಮೂಲದ ಮೂರು ಪಟ್ಟು ಆವರ್ತದ ಅಪಸ್ವರವೊಂದು, ಮೂಲದ ಮೂರನೆಯ ಒಂದು ಪಾಲಿನಷ್ಟು ಬಲದಿಂದ, ಬೆರೆತಿರುತ್ತದೆ. ದೀಪ ಅದನ್ನು ಸಹಿಸೀತು. ಮೋಟಾರು ಗುಂಯ್‌ಗುಡುತ್ತದೆ, ಕಾಯುತ್ತದೆ. ಒಳ್ಳೆಯ ಇನ್ವರ್ಟರು ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು, ತುಣುಕುಗಳ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ, ಸುರುಳಿ ಮತ್ತು ಕೆಪಾಸಿಟರುಗಳಲ್ಲಿ ಸೋಸಿ, ನುಣುಪಾದ ಅಲೆಯನ್ನು ಕೊಡುತ್ತದೆ. ಎಳೆಯ ನುಣುಪಿನ ಬೆಲೆಯನ್ನು ಕೊಳ್ಳೇಗಾಲದ ರೇಷ್ಮೆಯ ನೇಕಾರರಿಗೆ ಬೇರೆ ಹೇಳಬೇಕಾಗಿಲ್ಲ.

ಇದಕ್ಕಿಂತ ಕಠಿಣವಾದ ಪರೀಕ್ಷೆಯೊಂದಿದೆ. ರಾಗಿ ಬೀಸುವ ಗಿರಣಿಯೋ ನೀರೆತ್ತುವ ಪಂಪೋ ಹೊರಡುವ ಗಳಿಗೆಯಲ್ಲಿ, ಓಡುವಾಗ ಬೇಕಾದುದರ ಐದಾರು ಪಟ್ಟು ಪ್ರವಾಹವನ್ನು ಸೆಳೆಯುವುದುಂಟು. ಶಿವನಸಮುದ್ರದಂಥ ಕಡೆ ತಿರುಗುವ ಭಾರಿ ಯಂತ್ರದ ತೂಕವೇ ಆ ಜಗ್ಗಾಟವನ್ನು ತಾಳಿಕೊಳ್ಳುತ್ತದೆ. ಸೌರಜಾಲದಲ್ಲಿ ತಿರುಗುವುದೇನೂ ಇಲ್ಲ. ಪೇಟೆಯ ಛಾವಣಿಯ ಸಾಮಾನ್ಯ ಸೌರ ಇನ್ವರ್ಟರು ದೊಡ್ಡ ಜಾಲದ ತಾಳಕ್ಕೆ ತಕ್ಕಂತೆ ನಡೆಯುತ್ತದೆ. ಆ ತಾಳ ನಿಂತರೆ ತಾನೂ ಸುಮ್ಮನಾಗುತ್ತದೆ. ಕಾಡೂರಿನ ಇನ್ವರ್ಟರು ತಾನೇ ತಾಳ ಹಾಕಬೇಕು: 50 ಆವರ್ತ, 230 ವೋಲ್ಟು. ಹೊರೆ ಏರಿದೊಡನೆ ಬ್ಯಾಟರಿಯಿಂದ ಹೆಚ್ಚಿಗೆ ಸೆಳೆದು ವೋಲ್ಟೇಜನ್ನು ಕಾಯಬೇಕು. ಜೊತೆಗೆ ಇನ್ನೊಂದಿದ್ದರೆ, ಹೊರೆ ಹೆಚ್ಚಿದಷ್ಟೂ ಆವರ್ತವನ್ನು ತುಸು ತಗ್ಗಿಸುವ ಏರ್ಪಾಡಿನಿಂದ ಎರಡೂ, ತಮ್ಮೊಳಗೆ ಬೇರೆ ಸಂದೇಶವಿಲ್ಲದೆಯೇ, ಹೊರೆ ಹಂಚಿಕೊಳ್ಳುತ್ತವೆ. ನನಗೆ ಇದೇ ಅತ್ಯಂತ ಸೊಗಸಾದ ಉಪಾಯವೆನಿಸಿದೆ.

ಆದರೂ ಇನ್ವರ್ಟರಿಗೆ ಯಂತ್ರದ ತೂಕದ ತಾಳ್ಮೆಯಿಲ್ಲ. ಮಿತಿ ಮೀರಿದರೆ ತನ್ನನ್ನು ಉಳಿಸಿಕೊಳ್ಳಲು ಅದು ಬಾಗಿಲು ಹಾಕಿಬಿಡುತ್ತದೆ. ಊರಿಡೀ ಕತ್ತಲೆ, ಲಸಿಕೆಯಿಟ್ಟ ಪೆಟ್ಟಿಗೆಗೂ ವಿದ್ಯುತ್ತಿಲ್ಲ. ಮನೆಗೆಷ್ಟು ಬಲ್ಬೆಂದು ಎಣಿಸಿ ಯೋಜನೆ ಬರೆಯುವವರು, ಆ ಊರಿನ ಅತಿ ದೊಡ್ಡ ಮೋಟಾರು ಯಾವುದು, ಅದನ್ನು ಮೆಲ್ಲಗೆ ಹೊರಡಿಸುವ ಸಾಧನವನ್ನು ಜೋಡಿಸಿದ್ದೇವೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.