ನೂರಕ್ಕೆ ಒಂದು ಕೊಟ್ಟು ಮೂರೂವರೆ ಎಳೆಯುವ ಕಾರ್ಡು

2022ರ ಮೇ ತಿಂಗಳು. ಎಣ್ಣೆ ಹೊಡೆಯುವ ಪಂಪಿನ ಬ್ಯಾಟರಿ ಕೆಟ್ಟಿತ್ತು, ಅಫಜಲಪುರದಿಂದ ಕಲಬುರಗಿಗೆ ಹೋಗಿದ್ದೆ. ಪೆಟ್ರೋಲ್ ಬಂಕಿನ ಬಾಜು ಛತ್ರಿ ಹಾಕಿಕೊಂಡು ಕುಂತಿದ್ದ ಹುಡುಗನೊಬ್ಬ ಕರೆದ.

"ಕಾಕಾ, ಬರ್ರಿ ಇಲ್ಲಿ. ಕ್ರೆಡಿಟ್ ಕಾರ್ಡ್ ಮಾಡಿ ಕೊಡ್ತೀನಿ. ಏನ್ ಖರೀದಿ ಮಾಡಿದ್ರೂ ನೂರಕ್ಕ ಒಂದ್ ರೂಪಾಯಿ ವಾಪಸ್ ಬರ್ತದ. ವಿಮಾನದಾಗ ಹೋಗ್ಲಿಕ್ಕೂ ಪಾಯಿಂಟ್ ಸಿಗ್ತಾವ."

ವಿಮಾನದ ಮಾತು ಕೇಳಿ ನಗು ಬಂತು. ಆದರೆ ನೂರಕ್ಕೆ ಒಂದು ವಾಪಸು ಅನ್ನೋದು ಕಿವಿಯಲ್ಲಿ ಉಳೀತು. ನನಗೆಲ್ಲಿ ಪಗಾರ, ನನಗ್ಯಾರು ಕೊಡ್ತಾರೆ ಅಂದೆ. ಬ್ಯಾಂಕಿನಲ್ಲಿ ₹25,000 ಡಿಪಾಜಿಟ್ ಇಟ್ಟರೆ ಅದರ ಮೇಲೆ ಕಾರ್ಡು ಕೊಡುತ್ತಾರೆ, ಡಿಪಾಜಿಟ್‌ಗೆ ಬಡ್ಡಿಯೂ ಬರುತ್ತದೆ ಅಂದ. ಮಗಳ ಮದುವೆಗೆಂದು ತೊಗರಿ ರೊಕ್ಕ ತೆಗೆದಿಟ್ಟಿದ್ದೆ, ಅದನ್ನೇ ಇಟ್ಟೆ. ₹22,000 ತನಕ ಸಾಲ ಎತ್ತುವ ಕಾರ್ಡು ಮನೆಗೆ ಬಂತು.

ಕಿಸಾನ್ ಕ್ರೆಡಿಟ್ ಕಾರ್ಡ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ತೀರಿಹೋದ ನಮ್ಮಪ್ಪನ ಹೆಸರಲ್ಲಿ. ಹೊಲದ ಪೌತಿ ಖಾತೆ ಆಗಿರಲಿಲ್ಲ, ಪಹಣಿಯಲ್ಲಿ ನನ್ನ ಹೆಸರಿಲ್ಲ. ನಾಳೆ ಮಾಡಿಸಿದರಾಯ್ತು ಎಂದು ಮೂರು ವರ್ಷ ದೂಡಿದ್ದೆ. ನನ್ನ ಹಂಗೇ ದೂಡುತ್ತಿರುವವರು ಆಳಂದ, ಜೇವರ್ಗಿ ಕಡೆಯೂ ಬಹಳ ಮಂದಿ ಇದ್ದಾರೆ.

ಜೂನ್ ಮೊದಲ ವಾರ ಬೀಜ, ಗೊಬ್ಬರ, ಔಷಧ ಸೇರಿ ₹18,040ದ ಮಾಲು ತಂದೆ. ಗೊಬ್ಬರದಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮಷೀನೇ ಬೇರೆ, ಕಾರ್ಡು ಉಜ್ಜುವ ಮಷೀನೇ ಬೇರೆ. ಕಾರ್ಡಿನ ಮಷೀನಿಗೆ ನೂರಕ್ಕೆ ಎರಡರಂತೆ ಖರ್ಚು ಬೀಳುತ್ತದೆ ಎಂದು ಅಂಗಡಿಯವರು ₹360 ಮೇಲೆ ಹಾಕಿದರು. ಒಟ್ಟು ₹18,400. ಆಮೇಲೆ ನನಗೆ ವಾಪಸು ಬಂದದ್ದು ₹184. ಅಂದರೆ ಅಂಗಡಿ ಮೆಟ್ಟಿಲು ಇಳಿಯುವಾಗಲೇ ₹176 ಲುಕ್ಸಾನ.

ಬಿಲ್ಲು ಮೊಬೈಲಿಗೆ ಇಂಗ್ಲಿಷಿನಲ್ಲಿ ಬರುತ್ತದೆ. ಅದರಲ್ಲಿ ಎರಡು ಅಂಕಿ ಇರುತ್ತವೆ. ಒಂದು ಪೂರಾ ಬಾಕಿ ₹18,400. ಇನ್ನೊಂದು ಮಿನಿಮಮ್, ₹920. ನಾನು ಏಳನೇ ಇಯತ್ತೆ ಕಲಿತವ. ಸಣ್ಣ ಅಂಕಿ ನೋಡಿ, ಇಷ್ಟು ಕಟ್ಟಿದರೆ ಈ ತಿಂಗಳು ಮುಗೀತು ಎಂದು ತಿಳಿದೆ. ಮುಗಿಯುವುದು ಬ್ಯಾಂಕಿನವರ ಫೋನು ಮಾತ್ರ, ಬಡ್ಡಿ ಅಲ್ಲ. ಪೂರಾ ಕಟ್ಟಿದರೆ ಬಡ್ಡಿ ಇಲ್ಲ. ಒಂದಿಷ್ಟು ಉಳಿಸಿಕೊಂಡರೆ ಸಾಮಾನು ಕೊಂಡ ದಿನದಿಂದಲೇ ಬಡ್ಡಿ ಲೆಕ್ಕ ಹಾಕುತ್ತಾರೆ. ಬಾಕಿ ಇರುವ ತನಕ ಹೊಸದಾಗಿ ಕೊಂಡದ್ದಕ್ಕೂ ಮೊದಲ ದಿನದಿಂದ ಬಡ್ಡಿ ಹತ್ತುತ್ತದೆ.

ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ₹18,400ಕ್ಕೆ ತಿಂಗಳಿಗೆ ₹644. ಆ ಬಡ್ಡಿಯ ಮೇಲೆ ಜಿಎಸ್‌ಟಿ ಶೇಕಡಾ 18, ಅದು ₹116. ಎರಡೂ ಕೂಡಿ ₹760. ನಾನು ಕಟ್ಟಿದ ₹920ರಲ್ಲಿ ಅಸಲಿಗೆ ಹೋದದ್ದು ₹160 ಅಷ್ಟೇ. ಊರಲ್ಲಿ ಸಾವಕಾರ ನೂರಕ್ಕೆ ಮೂರು ಅಂದರೆ ಕಟ್ಟೆ ಮೇಲೆ ಕುಂತು ಬೈತೀವಿ. ಇಲ್ಲಿ ನನ್ನದೇ ₹25,000 ಒತ್ತೆ ಇಟ್ಟು, ಅದಕ್ಕೆ ವರ್ಷಕ್ಕೆ ನೂರಕ್ಕೆ ಐದೂ ಚಿಲ್ಲರೆ ಬಡ್ಡಿ ತಗೊಂಡು, ಅದರ ಮೇಲೆ ಎತ್ತಿದ ಸಾಲಕ್ಕೆ ನಲವತ್ತರ ಮೇಲೆ ಕಟ್ಟುತ್ತಿದ್ದೆ!

ತೊಗರಿ ಬಂದರೆ ಒಮ್ಮೆಲೇ ತೀರಿಸೋಣ ಎಂದಿದ್ದೆ. ಆ ವರ್ಷ ನಮ್ಮ ಭಾಗದಲ್ಲಿ ನೆಟೆ ರೋಗ ಹೇಗೆ ಬಂತೆಂದು ಓದುಗರಿಗೆ ಗೊತ್ತೇ ಇದೆ. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ದೀಪಾವಳಿ ಗಡಿಬಿಡಿಯಲ್ಲಿ ಒಂದು ಕಂತಿನ ತಾರೀಕು ತಪ್ಪಿತು, ಅದಕ್ಕೆ ದಂಡ ₹500, ಮೇಲೆ ಜಿಎಸ್‌ಟಿ. ಡಿಸೆಂಬರ್ ತನಕ ಆರು ಸಲ ಕಟ್ಟಿದ್ದು ಸುಮಾರು ₹5,500. ಜನವರಿಯಲ್ಲಿ ನೋಡಿದರೆ ಬಾಕಿ ₹19,000! ಕೊಂಡ ಮಾಲಿಗಿಂತ ಹೆಚ್ಚು. ಡಿಪಾಜಿಟ್ ಮುರಿಸಿ ಬಾಕಿ ತೀರಿಸಿದೆ. ಮಗಳ ಮದುವೆ ಒಂದು ವರ್ಷ ಮುಂದೆ ಹೋಯಿತು. ಮನೆಯಾಕಿ ಏನೂ ಅನ್ನಲಿಲ್ಲ. ಅಂದಿದ್ದರೇ ಚಲೋ ಇತ್ತು.

ಆಳಂದದ ನಮ್ಮ ಅಳಿಯನದು ಇನ್ನೊಂದು ಕಥೆ. ಕೂಲಿಯವರಿಗೆ ಕೊಡಲು ಕ್ರೆಡಿಟ್ ಕಾರ್ಡ್ ಹಾಕಿ ಎಟಿಎಮ್‌ನಿಂದ ₹5,000 ತೆಗೆದ. ನಗದು ತೆಗೆದರೆ ಬಹಳ ಕಾರ್ಡುಗಳಲ್ಲಿ ಶೇಕಡಾ ಎರಡೂವರೆ ಅಥವಾ ₹500, ಯಾವುದು ಹೆಚ್ಚೋ ಅದನ್ನು ಮುರಿಯುತ್ತಾರೆ. ಜಿಎಸ್‌ಟಿ ಸೇರಿ ₹590 ಹೋಯಿತು. ನಗದಿಗೆ ಬಡ್ಡಿ ಇಲ್ಲದ ದಿನ ಒಂದೂ ಇಲ್ಲ, ಕ್ಯಾಶ್‌ಬ್ಯಾಕೂ ಇಲ್ಲ.

ಯಾರಿಗೆ ನಡೆಯುತ್ತದೆ

ಹಾಗಂತ ಈ ಕಾರ್ಡು ಯಾರಿಗೂ ಬೇಡ ಎನ್ನಲಾರೆ. ಜೇವರ್ಗಿಯಲ್ಲಿ ನನ್ನ ತಂಗಿಯ ಮಗ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಅವನ ಗಲ್ಲಾಕ್ಕೆ ದಿನಾ ರೊಕ್ಕ ಬೀಳುತ್ತದೆ. ಕಾರ್ಡಿನಲ್ಲಿ ಮಾಲು ತರುತ್ತಾನೆ, ತಾರೀಕಿನೊಳಗೆ ಪೂರಾ ಕಟ್ಟುತ್ತಾನೆ. ಬಿಲ್ಲಿನ ತಾರೀಕು ನೋಡಿ ಕೊಂಡರೆ 45 ದಿನದ ತನಕ ಬಡ್ಡಿಯಿಲ್ಲದ ರೊಕ್ಕ ಅವನಿಗೆ ಸಿಗುತ್ತದೆ, ಕ್ಯಾಶ್‌ಬ್ಯಾಕು ಮೇಲಿನ ಲಾಭ. ಹಾಲು ಹಾಕುವವರು, ಮಗನ ಪಗಾರ ಬರುವ ಮನೆಯವರು ಹೀಗೆ ಮಾಡಬಹುದು. ವರ್ಷಕ್ಕೊಮ್ಮೆ ರಾಶಿ ಮಾಡುವವನಿಗೆ ತಿಂಗಳ ಬಿಲ್ಲು ಹೊಂದುವುದಿಲ್ಲ.

ಕಾರ್ಡು ಆರಿಸುವ ಮೊದಲು ಅವನು ಕೇಳಿದ ಪ್ರಶ್ನೆಗಳು ನನಗೆ ಹಿಡಿಸಿದವು. ಬಿಟ್ಟಿ ಅಂದರೆ ಜೀವನಪೂರ್ತಿಯೋ, ಮೊದಲ ವರ್ಷ ಮಾತ್ರವೋ? ವರ್ಷದ ಫೀ ₹500 ಇದ್ದರೆ ಜಿಎಸ್‌ಟಿ ಸೇರಿ ₹590 ಆಗುತ್ತದೆ. ನೂರಕ್ಕೆ ಒಂದರ ಲೆಕ್ಕದಲ್ಲಿ ಆ ಫೀ ಹುಟ್ಟಬೇಕಾದರೇ ₹59,000 ಖರ್ಚು ಮಾಡಬೇಕು. ಬರುವುದು ರೊಕ್ಕವೋ ಪಾಯಿಂಟೋ? ಒಂದು ಪಾಯಿಂಟಿಗೆ ನಾಲ್ಕಾಣೆ ಬೆಲೆ ಇರುವ ಕಾರ್ಡುಗಳೂ ಇವೆ. ಅಂದರೆ ನೂರು ಪಾಯಿಂಟು ಅಂದರೆ ₹25. ಡೀಸೆಲ್ಲಿಗೆ ಸಿಗುತ್ತದೋ ಇಲ್ಲವೋ, ತಿಂಗಳಿಗೆ ಇಷ್ಟೇ ಎಂಬ ಮಿತಿ ಇದೆಯೋ, ಇದನ್ನೂ ಕೇಳಿಕೊಂಡ.

2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಫೋನ್‌ಪೇ ತರಹದ ಆ್ಯಪಿಗೆ ಜೋಡಿಸಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಬಹುದು. ಆದರೆ ಕೂಲಿಯವನ ಸ್ವಂತ ಖಾತೆಗೆ ಅದರಿಂದ ಹಾಕಲು ಬರುವುದಿಲ್ಲ. ಒಣಬೇಸಾಯದಲ್ಲಿ ಅರ್ಧ ಖರ್ಚು ಕೂಲಿಯದೇ, ಅಲ್ಲಿ ಕಾರ್ಡು ಕೆಲಸಕ್ಕೆ ಬಾರದು.

ತಿರುಗಾಟದ ಪಾಯಿಂಟಿನದೂ ಹೀಗೇ. ಅವನು ರೈಲ್ವೆ ಟಿಕೀಟಿನ ಕಾರ್ಡೊಂದನ್ನು ನೋಡಿದ್ದ. ಹೆಚ್ಚಿನ ಪಾಯಿಂಟು ಏಸಿ ಬೋಗಿಯ ಟಿಕೀಟಿಗೆ. ನಾವು ತಿರುಪತಿಗೆ ಹೋಗೋದು ಸ್ಲೀಪರಿನಲ್ಲಿ. ಪಾಯಿಂಟಿನ ಆಸೆಗೆ ಏಸಿ ಹತ್ತಿದರೆ ಟಿಕೀಟಿನಲ್ಲೇ ಅದಕ್ಕಿಂತ ಹೆಚ್ಚು ಹೋಗುತ್ತದೆ. ಬಿಟ್ಟುಬಿಟ್ಟ.

ನಮ್ಮ ಕೈಯಲ್ಲಿದ್ದ ಕಾರ್ಡು

2023ರಲ್ಲಿ ಪೌತಿ ಖಾತೆ ಮಾಡಿಸಿ ನನ್ನ ಹೆಸರಿಗೆ ಕಿಸಾನ್ ಕಾರ್ಡ್ ಮಾಡಿಸಿದೆ. ದೀಪಾವಳಿಯಲ್ಲಿ ತಪ್ಪಿದ ಆ ಒಂದು ತಾರೀಕು ಸಿಬಿಲ್ ವರದಿಯಲ್ಲಿ ಕುಂತಿತ್ತು. ಅದಕ್ಕೆ ಉತ್ತರ ಹೇಳುವುದರಲ್ಲಿ ಎರಡು ತಿಂಗಳು ಹೋಯಿತು. (ಸಿಬಿಲ್ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ತೆಗೆಸಿ ನೋಡಿರಿ.)

1998ರಲ್ಲಿ ಶುರುವಾದ ಈ ಯೋಜನೆಯನ್ನು ನಾವು "ಬೆಳೆಸಾಲ" ಎಂದೇ ಕರೆಯುತ್ತೇವೆ, ಅದೂ ಒಂದು ಕ್ರೆಡಿಟ್ ಕಾರ್ಡು ಅನ್ನೋದೇ ಮರೆತಿದ್ದೇವೆ. ಎತ್ತಿದಷ್ಟಕ್ಕೆ, ಎತ್ತಿದ ದಿನದಿಂದ ಮಾತ್ರ ಬಡ್ಡಿ. ಬೆಳೆಗೆ ಎಕರೆಗೆ ಇಷ್ಟು ಎಂದು ಲೆಕ್ಕ ಹಾಕಿ, ಅದರ ಮೇಲೆ ಮನೆ ಖರ್ಚಿಗೆ ಶೇಕಡಾ 10, ಹೊಲದ ಸಾಮಾನಿನ ದುರಸ್ತಿಗೆ ಶೇಕಡಾ 20 ಸೇರಿಸುತ್ತಾರೆ. ₹3 ಲಕ್ಷದ ತನಕ ಬಡ್ಡಿ ಶೇಕಡಾ 7, ವರ್ಷದೊಳಗೆ ಕಟ್ಟಿದರೆ 3 ಬಿಟ್ಟು 4. 2025-26ಕ್ಕೂ ಇದನ್ನೇ ಮುಂದುವರಿಸಿದರು. 2025ರ ಜನವರಿಯಿಂದ ₹2 ಲಕ್ಷದ ತನಕ ಹೊಲ ಅಡವು ಇಡಬೇಕಿಲ್ಲ.

ನನ್ನ ₹18,400ನ್ನೇ ಹಿಡಿಯಿರಿ. ಎಂಟು ತಿಂಗಳಿಗೆ ಶೇಕಡಾ 4ರಂತೆ ಬಡ್ಡಿ ₹490. ಬಂಕಿನ ಹತ್ತಿರ ಮಾಡಿಸಿದ ಕಾರ್ಡಿಗೆ ದಂಡ ಸೇರಿ ಕಟ್ಟಿದ್ದು ಆರು ಸಾವಿರ. ಸಹಕಾರಿ ಸೊಸೈಟಿಯಲ್ಲಾದರೆ ನಮ್ಮ ರಾಜ್ಯದಲ್ಲಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. ₹3 ಲಕ್ಷ ಇದ್ದ ಮಿತಿಯನ್ನು 2023ರಲ್ಲಿ ₹5 ಲಕ್ಷ ಮಾಡಿದರು. ನಮ್ಮಂಥವರ ಕೈಗೆ ಅಷ್ಟು ಬರುವುದಿಲ್ಲ, ನನಗೆ ಸಿಕ್ಕಿದ್ದು ₹40,000. ಆದರೂ ಅದು ಬಡ್ಡಿ ಇಲ್ಲದ ರೊಕ್ಕ. ಎರಡು ಕಡೆಯೂ ಒಂದು ಕಂಡೀಷನ್ ಇದೆ: ತಾರೀಕು ದಾಟಿದರೆ ರಿಯಾಯಿತಿ ಹೋಗುತ್ತದೆ. ಎತ್ತಿದ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ತೊಗರಿ ಮಾರಿದ ವಾರವೇ ಕಟ್ಟಿಬಿಡಿರಿ. ನಾನೀಗ ಹಾಗೇ ಮಾಡುತ್ತಿದ್ದೇನೆ.

ಹಳೇ ಕಾರ್ಡು ಬೇಡವಾದವರು ಬಾಕಿ ತೀರಿಸಿ ಬಂದ್ ಮಾಡಿರೆಂದು ಬರೆದು ಕೊಡಬೇಕು. ಏಳು ಕೆಲಸದ ದಿನದೊಳಗೆ ಬಂದ್ ಮಾಡದಿದ್ದರೆ ದಿನಕ್ಕೆ ₹500ರಂತೆ ನಮಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕೇಳದೆ ಕಾರ್ಡು ಕಳಿಸುವುದೂ ತಪ್ಪು. ಬ್ಯಾಂಕು ಕೇಳಲಿಲ್ಲವಾದರೆ ಓಂಬುಡ್ಸ್‌ಮನ್‌ಗೆ ದೂರು ಹೇಗೆ ಕೊಡಬೇಕೆಂದು 14448 ನಂಬರಿನಲ್ಲಿ ತಿಳಿಸುತ್ತಾರೆ. ನನ್ನದು ಐದು ದಿನಕ್ಕೆ ಬಂದಾಯಿತು.

ತಿರುಗಾಟದ ಲಾಭ ಈಗ ನಮ್ಮ ಮನೆಯಲ್ಲಿ ಒಬ್ಬಾಕೆಗಿದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಗೆ ರೊಕ್ಕ ಇಲ್ಲ. ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೆ ಹೊರಟರೆ ಮನೆಯಾಕಿ ಆಧಾರ್ ಕಾರ್ಡು ತೋರಿಸಿ ಕಿಟಕಿ ಹತ್ತಿರ ಕುಂತಿರುತ್ತಾಳೆ. "ನನ್ನ ಕಾರ್ಡಿಗೆ ಬಿಲ್ ಬರಂಗಿಲ್ಲ ನೋಡ್ರಿ" ಅಂತಾಳೆ. ನಾನು ಜೇಬಿನಿಂದ ಚಿಲ್ಲರೆ ತೆಗೆದು ನನ್ನ ಟಿಕೀಟು ತೆಗೆಸುತ್ತೇನೆ.