ಪುನಾರಚನಾ ಸ್ತ್ರೀರೋಗ ಶಸ್ತ್ರಚಿಕಿತ್ಸೆಯ ನಂತರ ಅಂಗಾಂಶಗಳ ಮಾಯುವಿಕೆ ಮತ್ತು ಹಾರ್ಮೋನುಗಳ ಪಾತ್ರ

ಜಾರಿದ ಗರ್ಭಕೋಶವನ್ನು ಮತ್ತೆ ಅದರ ನೆಲೆಗೆ ತರುವುದು, ಸಡಿಲಗೊಂಡ ಯೋನಿಭಿತ್ತಿಯನ್ನು ಬಿಗಿಗೊಳಿಸುವುದು, ಕಷ್ಟಪ್ರಸವದಿಂದ ಮೂತ್ರಕೋಶಕ್ಕೂ ಯೋನಿಗೂ ನಡುವೆ ಉಂಟಾದ ರಂಧ್ರವನ್ನು ಮುಚ್ಚುವುದು, ಹೆರಿಗೆಯಲ್ಲಿ ಹರಿದ ಗುದದ್ವಾರದ ಸ್ನಾಯುವನ್ನು ಕೂಡಿಸುವುದು ಮುಂತಾದವನ್ನು ಒಟ್ಟಾಗಿ ಪುನಾರಚನಾ ಸ್ತ್ರೀರೋಗ ಶಸ್ತ್ರಚಿಕಿತ್ಸೆ ಎಂದು ಕರೆಯಲಾಗುತ್ತದೆ. ಗೆಡ್ಡೆಯನ್ನು ತೆಗೆದುಹಾಕುವ ಶಸ್ತ್ರಕ್ರಿಯೆಗಿಂತ ಇವು ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿವೆ. ಅಲ್ಲಿ ತೆಗೆದದ್ದು ಹೋಯಿತು. ಇಲ್ಲಿ ಉಳಿಸಿಕೊಂಡದ್ದು ವರ್ಷಗಟ್ಟಲೆ ಭಾರ ಹೊರಬೇಕು. ಆದ್ದರಿಂದ ಶಸ್ತ್ರವೈದ್ಯರ ಕೈಚಳಕದಷ್ಟೇ, ಹೊಲಿಗೆಯ ಕೆಳಗೆ ನಡೆಯುವ ಮಾಯುವಿಕೆಯೂ ಫಲಿತಾಂಶವನ್ನು ನಿರ್ಧರಿಸುತ್ತದೆ. ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ಗರ್ಭಕೋಶ ಹಾಗೂ ಯೋನಿಯ ಜಾರುವಿಕೆಯ ಶಸ್ತ್ರಚಿಕಿತ್ಸೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಲಾಗಿದೆ.

ಗಾಯ ಮಾಯುವ ಕ್ರಮವು ದೇಹದ ಎಲ್ಲೆಡೆಯೂ ಸ್ಥೂಲವಾಗಿ ಒಂದೇ. ಮೊದಲ ಕೆಲವು ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮುಂದಿನ ಮೂರು ನಾಲ್ಕು ದಿನ ಉರಿಯೂತದ ಕಾಲ. ಬಿಳಿ ರಕ್ತಕಣಗಳು, ಅವುಗಳ ಹಿಂದೆಯೇ ಬರುವ ಮಹಾಭಕ್ಷಕ ಕೋಶಗಳು ಸತ್ತ ಅಂಗಾಂಶವನ್ನೂ ರೋಗಾಣುಗಳನ್ನೂ ನುಂಗಿ ನೆಲವನ್ನು ಹದಗೊಳಿಸುತ್ತವೆ. ಆಮೇಲೆ ತಂತುಕೋಶಗಳು ಬಂದು ಕೊಲ್ಯಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ನೇಯತೊಡಗುತ್ತವೆ. ಮೊದಲು ನೇಯಲ್ಪಡುವುದು ಹೆಚ್ಚಾಗಿ ಮೂರನೆಯ ಬಗೆಯ ತೆಳುವಾದ ಕೊಲ್ಯಾಜೆನ್. ಅದು ಕ್ರಮೇಣ ಕರಗಿ, ಅದರ ಸ್ಥಾನದಲ್ಲಿ ಗಟ್ಟಿಯಾದ ಮೊದಲನೆಯ ಬಗೆಯದು ನೆಲೆಗೊಳ್ಳುವುದಕ್ಕೆ ತಿಂಗಳುಗಳೇ ಬೇಕು. ಹೆಚ್ಚಾಗಿ ಚರ್ಮದ ಗಾಯಗಳ ಅಧ್ಯಯನದಿಂದ ತಿಳಿದುಬಂದಿರುವಂತೆ, ಮೊದಲ ವಾರದ ಕೊನೆಗೆ ಗಾಯದ ಬಲವು ಮೂಲ ಅಂಗಾಂಶದ ಬಲದ ಶೇ. 10ರಷ್ಟನ್ನು ಮೀರುವುದಿಲ್ಲ, ಮೂರನೆಯ ವಾರಕ್ಕೆ ಶೇ. 20ರಿಂದ 30, ಮೂರು ತಿಂಗಳಿಗೆ ಶೇ. 70ರಿಂದ 80. ಪೂರ್ಣಬಲ ಎಂದೂ ಮರಳುವುದಿಲ್ಲ.

ಈ ಅಂಕಿಗಳ ಪಕ್ಕದಲ್ಲಿ ಹೊಲಿಗೆಯ ದಾರದ ಅಂಕಿಗಳನ್ನು ಇಟ್ಟು ನೋಡಿದಾಗ ಸಮಸ್ಯೆಯ ನಿಜಸ್ವರೂಪ ತಿಳಿಯುತ್ತದೆ. ವ್ಯಾಪಕ ಬಳಕೆಯಲ್ಲಿರುವ ಪಾಲಿಗ್ಲ್ಯಾಕ್ಟಿನ್ ದಾರವು ಮೂರನೆಯ ವಾರದ ಹೊತ್ತಿಗೆ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಂಡಿರುತ್ತದೆ. ನಾಲ್ಕನೆಯ ವಾರಕ್ಕೆ ಕಾಲುಭಾಗ ಮಾತ್ರ ಉಳಿದಿರುತ್ತದೆ. ದಾರ ಸೋಲುತ್ತಿದೆ, ಅಂಗಾಂಶ ಇನ್ನೂ ಗೆದ್ದಿಲ್ಲ ಎಂಬ ಈ ಸಂಧಿಕಾಲವೇ ಅಪಾಯದ ಕಾಲ. ಹೊರಗಿನ ಹೊಲಿಗೆ ಮಾಯಿತು, ರಕ್ತಸ್ರಾವ ನಿಂತಿತು, ನೋವೂ ಇಲ್ಲ ಎಂದು ಮಹಿಳೆಯು ತಾನು ಗುಣವಾದೆನೆಂದು ಭಾವಿಸುವುದೂ ಈ ಕಾಲದಲ್ಲಿಯೇ. ಭಾರ ಹೊರಬೇಕಾದ ಅಸ್ಥಿರಜ್ಜುಗಳಿಗೆ ಅನೇಕರು ಪಾಲಿಡೈಆಕ್ಸನೋನ್‌ನಂಥ ನಿಧಾನವಾಗಿ ಕರಗುವ ದಾರವನ್ನೋ ಕರಗದ ದಾರವನ್ನೋ ಬಳಸುವುದಕ್ಕೆ ಇದೇ ಕಾರಣ.

ಮೂತ್ರಕೋಶದ ರಂಧ್ರವನ್ನು ಮುಚ್ಚಿದಾಗ ಲೆಕ್ಕಾಚಾರ ಬೇರೆ. ಅಲ್ಲಿ ಬೇಕಾದದ್ದು ಭಾರ ಹೊರುವ ಬಲವಲ್ಲ, ಸೋರದ ಮುಚ್ಚಿಗೆ. ಹಿಂದೆ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮೂತ್ರನಳಿಕೆಯನ್ನು ಇಡುವ ರೂಢಿಯಿತ್ತು. ಆಫ್ರಿಕಾದ ಎಂಟು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವು, ಸರಳ ರಂಧ್ರಗಳ ವಿಷಯದಲ್ಲಿ ಏಳು ದಿನಗಳೂ ಹದಿನಾಲ್ಕು ದಿನಗಳಷ್ಟೇ ಸುರಕ್ಷಿತ ಎಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಏಳರಿಂದ ಹತ್ತು ದಿನಗಳ ಅವಧಿಯನ್ನು ಶಿಫಾರಸು ಮಾಡಿತು. ಹಾಸಿಗೆಗಳ ಕೊರತೆಯಿರುವ ಆಸ್ಪತ್ರೆಯಲ್ಲಿ ಒಂದು ವಾರ ಉಳಿಯಿತೆಂದರೆ ಮತ್ತೊಬ್ಬ ಮಹಿಳೆಗೆ ಚಿಕಿತ್ಸೆ ದೊರೆಯಿತೆಂದೇ ಅರ್ಥ.

ಜಾರುವಿಕೆಯ ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಭಾರ ಎತ್ತಬಾರದು ಎಂಬ ಸಲಹೆ ನಮ್ಮಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಅದಕ್ಕೆ ಇರುವ ಆಧಾರ ಮಾತ್ರ ನಿರೀಕ್ಷಿಸಿದಷ್ಟು ಗಟ್ಟಿಯಾದುದಲ್ಲ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ತೌಲನಿಕ ಪ್ರಯೋಗದಲ್ಲಿ, ನಿರ್ಬಂಧ ಪಾಲಿಸಿದವರಿಗೂ ಇಚ್ಛಾನುಸಾರ ಚಟುವಟಿಕೆಗೆ ಮರಳಿದವರಿಗೂ ಮೂರು ತಿಂಗಳ ಕೊನೆಗೆ ಅಂಗರಚನೆಯ ಫಲಿತಾಂಶದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಈ ಫಲಿತಾಂಶವನ್ನು ನಮ್ಮ ಹಳ್ಳಿಗಳಿಗೆ ಹಾಗೆಯೇ ಅನ್ವಯಿಸುವುದು ಅವಸರವಾದೀತು. ಅಲ್ಲಿ ‘ಚಟುವಟಿಕೆ’ ಎಂದರೆ ನಡಿಗೆ, ಮೆಟ್ಟಿಲು, ದಿನಸಿಯ ಚೀಲ. ಇಲ್ಲಿ ಸೊಂಟದ ಮೇಲೊಂದು ತಲೆಯ ಮೇಲೊಂದು ಕೊಡ, ಹುಲ್ಲಿನ ಹೊರೆ, ಕುಕ್ಕರುಗಾಲಿನಲ್ಲಿ ದಿನವಿಡೀ ಕಳೆ ಕೀಳುವ ಕೂಲಿ. ಮೂರು ತಿಂಗಳ ಅವಲೋಕನವೂ ಅಲ್ಪಾವಧಿಯದೇ.

ಸ್ವಂತ ಅಂಗಾಂಶವನ್ನು ನಂಬಬೇಕೋ ಕೃತಕ ಆಧಾರವನ್ನೋ ಎಂಬ ಪ್ರಶ್ನೆಗೆ ಈ ಕ್ಷೇತ್ರದಲ್ಲಿ ದೀರ್ಘ ಇತಿಹಾಸವಿದೆ. ಮುಂಬಯಿಯ ವಿ. ಎನ್. ಶಿರೋಡ್ಕರ್ (1899–1971) ಅವರು 1950ರ ದಶಕದಲ್ಲಿ ಸಡಿಲ ಗರ್ಭಕಂಠಕ್ಕೆ ಬಿಗಿ ಹಾಕಲು ಆಯ್ದದ್ದು ರೋಗಿಯ ತೊಡೆಯಿಂದಲೇ ತೆಗೆದ ತಂತುಪಟ್ಟಿಯನ್ನು. ನಂತರದ ದಶಕಗಳಲ್ಲಿ ಕೃತಕ ಪಾಲಿಪ್ರೊಪಿಲೀನ್ ಜಾಲರಿ ಬಳಕೆಗೆ ಬಂತು. ಜಾಲರಿಯು ಕರಗುವುದಿಲ್ಲ, ಅದರ ಸುತ್ತ ಮಹಾಭಕ್ಷಕ ಕೋಶಗಳ ಕಾವಲು ಎಂದಿಗೂ ಪೂರ್ತಿಯಾಗಿ ಹಿಂತೆಗೆಯುವುದಿಲ್ಲ. ಯೋನಿಯ ತೆಳುವಾದ ಪೊರೆಯ ಕೆಳಗೆ ಈ ನಿರಂತರ ಉರಿಯೂತವು ಕೆಲವರಲ್ಲಿ ಜಾಲರಿ ಹೊರಚಾಚುವುದಕ್ಕೂ ದೀರ್ಘಕಾಲದ ನೋವಿಗೂ ದಾರಿಯಾಯಿತು. ಜಾರುವಿಕೆಗಾಗಿ ಯೋನಿಮಾರ್ಗದಿಂದ ಇಡುವ ಜಾಲರಿಗಳ ಮಾರಾಟವನ್ನು ನಿಲ್ಲಿಸುವಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಇನ್ನು ಹಾರ್ಮೋನುಗಳ ವಿಚಾರ. ಶಸ್ತ್ರಕ್ರಿಯೆಯ ಆಘಾತಕ್ಕೆ ದೇಹವು ತೋರುವ ಸಾಮಾನ್ಯ ಪ್ರತಿಕ್ರಿಯೆ ಸುಪರಿಚಿತವಾದುದು: ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ಏರುತ್ತವೆ, ಇನ್ಸುಲಿನ್ನಿನ ಪರಿಣಾಮ ಕುಗ್ಗುತ್ತದೆ, ರಕ್ತದ ಸಕ್ಕರೆ ಹೆಚ್ಚುತ್ತದೆ. ಕಾರ್ಟಿಸಾಲ್ ಅಧಿಕವಾಗಿಯೇ ಉಳಿದರೆ ಕೊಲ್ಯಾಜೆನ್ನಿನ ನೇಯ್ಗೆ ಹಿಂದೆ ಬೀಳುತ್ತದೆ. ಬೆನ್ನುಹುರಿಯ ಬಳಿ ನೀಡುವ ಅರಿವಳಿಕೆಯು ಹೊಕ್ಕುಳಿನ ಕೆಳಗಿನ ಶಸ್ತ್ರಕ್ರಿಯೆಗಳಲ್ಲಿ ಈ ಏರಿಕೆಯನ್ನು ಗಣನೀಯವಾಗಿ ತಗ್ಗಿಸುತ್ತದೆ.

ಹೆಚ್ಚು ಜಿಜ್ಞಾಸೆಗೆ ಎಡೆಮಾಡಿರುವುದು ಈಸ್ಟ್ರೊಜೆನ್. ಯೋನಿಯ ಮೇಲ್ಪೊರೆ, ಅದರ ಕೆಳಗಿನ ಸಂಯೋಜಕ ಅಂಗಾಂಶ, ಗರ್ಭಕೋಶವನ್ನು ಹಿಡಿದಿರುವ ಅಸ್ಥಿರಜ್ಜು – ಇವೆಲ್ಲದರಲ್ಲಿಯೂ ಈ ಹಾರ್ಮೋನಿನ ಗ್ರಾಹಕಗಳಿವೆ. ಈಸ್ಟ್ರೊಜೆನ್ ಸಾಕಷ್ಟಿದ್ದಾಗ ಮೇಲ್ಪೊರೆಯು ದಪ್ಪವಾಗಿದ್ದು ಗ್ಲೈಕೊಜೆನ್ ಸಂಗ್ರಹಿಸುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಜೀವಾಣುಗಳು ಆಮ್ಲೀಯತೆಯನ್ನು ಕಾಯುತ್ತವೆ. ಮುಟ್ಟು ನಿಂತ ಮೇಲೆ ಪೊರೆ ತೆಳುವಾಗಿ, ಒಣಗಿ, ಆಮ್ಲೀಯತೆ ಕುಗ್ಗುತ್ತದೆ. ಮಗುವಿಗೆ ಹಾಲೂಡುತ್ತಿರುವ ತರುಣಿಯಲ್ಲಿಯೂ ತಾತ್ಕಾಲಿಕವಾಗಿ ಇಂಥದೇ ಸ್ಥಿತಿ ಇರುತ್ತದೆ ಎಂಬುದು ಅನೇಕ ವೇಳೆ ಮರೆತುಹೋಗುತ್ತದೆ. ಹೆರಿಗೆಯ ಹರಿತಕ್ಕೆ ಹಾಕಿದ ಹೊಲಿಗೆ ಆಕೆಯಲ್ಲಿ ಬಹುಕಾಲ ನೋಯುವುದಕ್ಕೆ ಇದೂ ಒಂದು ಕಾರಣವಾಗಬಹುದು.

ವಯಸ್ಸಾದವರ ಚರ್ಮದ ಗಾಯಗಳು ಈಸ್ಟ್ರೊಜೆನ್ನಿನಿಂದ ಬೇಗ ಮಾಯುತ್ತವೆ ಎಂಬುದನ್ನು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತ್ತು. ಆದ್ದರಿಂದ ಮುಟ್ಟು ನಿಂತ ಮಹಿಳೆಗೆ ಶಸ್ತ್ರಕ್ರಿಯೆಗೆ ಕೆಲವು ವಾರ ಮೊದಲಿನಿಂದ ಯೋನಿಯಲ್ಲಿ ಈಸ್ಟ್ರೊಜೆನ್ ಮುಲಾಮು ಹಚ್ಚಿದರೆ ಅಂಗಾಂಶ ಬಲಗೊಂಡು ಜಾರುವಿಕೆ ಮರುಕಳಿಸದು ಎಂಬ ತರ್ಕ ಸಹಜವಾಗಿಯೇ ಹುಟ್ಟಿತು. ತರ್ಕ ಸೊಗಸಾಗಿತ್ತು, ಪ್ರಯೋಗ ಅದನ್ನು ಸಮರ್ಥಿಸಲಿಲ್ಲ. ಅಮೆರಿಕದ ಮೂರು ಕೇಂದ್ರಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ತೌಲನಿಕ ಪ್ರಯೋಗದಲ್ಲಿ, ಶಸ್ತ್ರಕ್ರಿಯೆಯ ಮೊದಲೂ ಆಮೇಲೂ ಮುಲಾಮು ಬಳಸಿದವರಲ್ಲಿ ಹನ್ನೆರಡು ತಿಂಗಳ ಕೊನೆಗೆ ಮರುಕಳಿಕೆಯು ನಿರೌಷಧ ಮುಲಾಮು ಬಳಸಿದವರಿಗಿಂತ ಕಡಿಮೆಯಾಗಿರಲಿಲ್ಲ. ಶುಷ್ಕತೆಯಂಥ ತೊಂದರೆಗಳ ಬಾಧೆ ಇದ್ದವರಿಗೆ ಮಾತ್ರ ಅದರಿಂದ ಉಪಶಮನ ದೊರೆಯಿತು.

ಮೇಲ್ಪೊರೆ ದಪ್ಪವಾಗುವುದು ಬೇರೆ, ಆಳದ ರಜ್ಜುಗಳು ಭಾರ ಹೊರುವುದು ಬೇರೆ ಎಂಬುದನ್ನು ಈ ಫಲಿತಾಂಶ ಸೂಚಿಸುತ್ತದೆ. ಹೆರಿಗೆಯಲ್ಲಿ ಎಲುಬಿನಿಂದ ಕಿತ್ತುಬಂದ ಶ್ರೋಣಿತಳದ ಸ್ನಾಯುವನ್ನು ಮುಲಾಮು ಕೂಡಿಸಲಾರದು. ಹಾಗೆಂದು ಮುಲಾಮನ್ನು ಕೈಬಿಡಬೇಕಾಗಿಲ್ಲ. ಉರಿ, ಒಣಗುವಿಕೆ, ಪದೇಪದೇ ಬರುವ ಮೂತ್ರದ ಸೋಂಕು ಇರುವವರಿಗೆ ಅಲ್ಪಪ್ರಮಾಣದ ಈಸ್ಟ್ರೊಜೆನ್ ಉಪಯುಕ್ತವೇ, ಅದು ರಕ್ತಕ್ಕೆ ಸೇರುವುದೂ ಅತ್ಯಲ್ಪ. ಸ್ತನದ ಕ್ಯಾನ್ಸರ್ ಆಗಿದ್ದವರ ವಿಷಯದಲ್ಲಿ ಮಾತ್ರ ಕ್ಯಾನ್ಸರ್ ತಜ್ಞರೊಡನೆ ಸಮಾಲೋಚಿಸದೆ ಅದನ್ನು ಆರಂಭಿಸುವುದು ಸಲ್ಲದು.